ಮೆಟ್ಟಿಲ ಮೇಲಿನ ಬೆನ್ನು

ಅಪ್ಪ ನದಿಯನ್ನು ನದಿಯ ನೀರಿನಲ್ಲೇ ಬರೆಯುತ್ತಿದ್ದ. ವರ್ಷಕ್ಕೊಂದು ಚಿತ್ರ, ಒಂದೇ ಜಾಗದಿಂದ. ದಡದ ಮೆಟ್ಟಿಲ ಮೇಲೆ ಪುಟ್ಟದಾಗಿ ತನ್ನ ಬೆನ್ನನ್ನೂ ಬರೆದುಕೊಳ್ಳುತ್ತಿದ್ದ. ನಲ್ಲಿ ನೀರಿನಲ್ಲಿ ಬಣ್ಣ ಕಲಸಿದರೆ ಚಿತ್ರ ಸುಳ್ಳು ಹೇಳುತ್ತದೆ ಎಂಬುದು ಅವನ ಹಟ.

ಅವನು ಹೋದ ಮೇಲೆ ಮೂವತ್ತೊಂದು ಚಿತ್ರಗಳೂ ನದಿ ನೀರು ತರುತ್ತಿದ್ದ ಒಂದು ತಂಬಿಗೆಯೂ ನನಗೆ ಉಳಿದವು. ಮೊದಲಿನವುಗಳಲ್ಲಿ ನೀರು ಹಸಿರು. ಕೊನೆಯ ಮೂರರಲ್ಲಿ, ಬಣ್ಣದ ಕಾರ್ಖಾನೆಯ ಮೋರಿ ಸೇರುವಲ್ಲಿಂದ ಕೆಳಗೆ ಕಡುಗೆಂಪು. ಅದು ಅಪ್ಪ ಕಲಸಿದ ಬಣ್ಣವಲ್ಲ, ನೀರೇ ಹೊತ್ತು ತಂದದ್ದು.

ನದಿ ಕೆಟ್ಟದ್ದು ಹೇಗೆಂದು ವಿಚಾರಣೆ ನಡೆಸುತ್ತಿದ್ದ ಅಧಿಕಾರಿ ಈ ಚಿತ್ರಗಳನ್ನು ನೋಡಲು ಬರುತ್ತೇನೆಂದರು. ಹಿಂದಿನ ದಿನ ನನ್ನ ಮೈದುನ ಬಂದ. ಅವನು ಆ ಕಾರ್ಖಾನೆಯಲ್ಲೇ ಮೇಸ್ತ್ರಿ.

"ಅತ್ತಿಗೆ, ಆ ಮೂರಕ್ಕೂ ಸ್ವಲ್ಪ ಹಸಿರು ಬಳಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

"ಅಪ್ಪ ಸುಮ್ನಿರಲ್ಲ ಕಣೋ."

"ಸತ್ತೋರು ಎದ್ದು ಬರ್ತಾರಾ? ಕಾರ್ಖಾನೆ ಮುಚ್ಚಿದ್ರೆ ನನ್ನ ಮಕ್ಕಳ ಬಾಯಿಗೆ ಏನ್ ಹಾಕ್ಲಿ?"

ಆ ಮಕ್ಕಳನ್ನು ಎತ್ತಿ ಆಡಿಸಿದವಳು ನಾನು. ಮಧ್ಯಾಹ್ನ ಬಾಗಿಲು ಹಾಕಿಕೊಂಡು, ನಲ್ಲಿ ನೀರಿನಲ್ಲಿ ದಪ್ಪಗೆ ಹಸಿರು ಕಲಸಿ ಮೂರಕ್ಕೂ ಬಳಿದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಬೆಳಿಗ್ಗೆ, ಚಿತ್ರಗಳನ್ನು ಗೋಡೆಗೆ ತೂಗುಹಾಕಿದ್ದ ಕೋಣೆಯ ಬಾಗಿಲು ತೆಗೆದರೆ ನದಿಯ ವಾಸನೆ ಮುಖಕ್ಕೆ ಹೊಡೆಯಿತು. ಹಸಿರು ಒಣಗಿ ಚೆನ್ನಾಗಿಯೇ ಕೂತಿತ್ತು. ಆದರೆ ಮೂರೂ ಚಿತ್ರಗಳಲ್ಲಿ ಮೆಟ್ಟಿಲು ಖಾಲಿ. ಆಣೆ ಮಾಡಿ ಹೇಳುತ್ತೇನೆ, ಮೆಟ್ಟಿಲ ಹತ್ತಿರ ನಾನು ಕುಂಚವನ್ನೇ ತಂದಿರಲಿಲ್ಲ.

ಬದುಕಿದ್ದಾಗಲೂ ಅಪ್ಪ ಹಾಗೆಯೇ, ಸಿಟ್ಟು ಬಂದರೆ ಬೈಯುತ್ತಿರಲಿಲ್ಲ, ಎದ್ದು ಹೋಗುತ್ತಿದ್ದ. ನನಗೆ ಹೆದರಿಕೆಗಿಂತ ನಾಚಿಕೆಯೇ ಹೆಚ್ಚಾಯಿತು.

ತಂಬಿಗೆ ಹಿಡಿದು ನದಿಗೆ ಓಡಿದೆ. ಅದೇ ನೀರನ್ನು ತಂದು, ಬಟ್ಟೆ ಅದ್ದಿ, ಹಸಿರನ್ನೆಲ್ಲ ಒರೆಸಿದೆ. ಅಡಿಯಿಂದ ಕಡುಗೆಂಪು ಎದ್ದು ಬಂತು. ಅಪ್ಪ ಮಾತ್ರ ಬರಲಿಲ್ಲ.

"ತಪ್ಪಾಯ್ತು, ಬಾರಪ್ಪ," ಎಂದು ಗೋಡೆಯ ಮುಂದೆ ಹುಚ್ಚಿಯಂತೆ ಅತ್ತೆ. ಮೆಟ್ಟಿಲನ್ನು ಬರಿದಾಗಿ ಬಿಡಲು ಮನಸ್ಸಾಗದೆ, ಮೂರರಲ್ಲೂ ನನ್ನ ಬೆನ್ನನ್ನೇ ಬರೆದೆ, ಜಡೆ ಸಮೇತ. ತಂಬಿಗೆಯಲ್ಲಿ ಮಿಕ್ಕ ನೀರಿನಲ್ಲೇ.

ಅಧಿಕಾರಿ ಬಂದರು. ಹಿಂದೆಯೇ ಬಂದ ಮೈದುನ ಬಾಗಿಲಲ್ಲೇ ನಿಂತು ಗೋಡೆ ನೋಡಿದ.

"ನಿಮ್ಮನ್ನ ನಂಬಿದ್ದೆ ಅತ್ತಿಗೆ," ಎಂದು ತಿರುಗಿ ಹೊರಟುಹೋದ. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಹಿಂದಿನ ದಿನ ಸುಳ್ಳು ಬಳಿದದ್ದನ್ನೂ, ಬೆಳಿಗ್ಗೆ ಒರೆಸಿದ್ದನ್ನೂ, ಮೆಟ್ಟಿಲ ಮೇಲಿನ ಬೆನ್ನು ನಾನು ಬರೆದದ್ದೆಂಬುದನ್ನೂ ಅಧಿಕಾರಿಗೆ ಒಪ್ಪಿಕೊಂಡೆ. ಅವರು ಕನ್ನಡಕ ಏರಿಸಿಕೊಂಡು ಕೊನೆಯ ಚಿತ್ರದ ಹತ್ತಿರ ಬಗ್ಗಿದರು.

"ಈ ಕೆಂಪು ಮೋರಿಯಿಂದ ಬಂದದ್ದು, ಗೊತ್ತಾಯ್ತು. ಜಡೆ ಇರೋರು ನೀವು. ಪಕ್ಕದಲ್ಲಿ ಕೂತಿರೋರು ಯಾರು?"

ನೋಡಿದರೆ ಮತ್ತೆ ಎದ್ದು ಹೋದಾನೆಂದು ನಾನು ಆ ಕಡೆ ತಿರುಗಲಿಲ್ಲ.

"ನಮ್ಮಪ್ಪ," ಎಂದೆ.