ಕೆಂಪು ಬಣ್ಣದಡಿಯ ಬೋಲ್ಟು

ನವೆಂಬರಿನ ಸಂತ ಮಾರ್ಟಿನನ ಹಬ್ಬ ಮುಗಿದ ಮೇಲೆ ಹಂದಿ ಕೊಯ್ದು, ಅದರ ಮಾಂಸ ತುಂಬಿದ ಸಲಾಮಿಯ ದಿಂಡುಗಳನ್ನು ಒಣಗಲು ಹಿತ್ತಿಲ ಕೋಣೆಯಲ್ಲಿ ತೂಗುಹಾಕುವುದು ಆ ಮನೆಯ ಪದ್ಧತಿ. ಈ ವರ್ಷ ಕೋಣೆಯಲ್ಲಿ ಓಲಿಂಟೊನ ಹಳೇ ಬೈಕು ನಿಂತಿತ್ತು. ಹೆಂಡತಿ ಇರ್ಮಾ ಜಗಳವಾಡಲಿಲ್ಲ. ಹಬ್ಬದೊಳಗೆ ಗುಂಡಿ ಒತ್ತಿದರೆ ಅದು ಸ್ಟಾರ್ಟ್ ಆಗಬೇಕು, ಇಲ್ಲದಿದ್ದರೆ ಪಕ್ಕದ ಮನೆಯ ಪ್ರಿಮೊ ಎಳೆದುಕೊಂಡು ಹೋಗಿ ತನ್ನದು ಮಾಡಿಕೊಳ್ಳಲಿ ಎಂದಳು. ಪ್ರಿಮೊ ಹಗ್ಗವನ್ನೂ ತಂದಿಟ್ಟಿದ್ದ.

ಕಿಕ್ಕರೇ ಇಲ್ಲದ ಗಾಡಿ. ತಳ್ಳಿ ಎಬ್ಬಿಸಲು ಓಲಿಂಟೊನ ಮಂಡಿ ಒಪ್ಪದು. ಹೋದ ಚಳಿಗಾಲವೆಲ್ಲ ಕೂತು ಅದನ್ನು ಬಿಚ್ಚಿ, ಅದರ ಕಬ್ಬಿಣದ ಚೌಕಟ್ಟು ಚಾಸಿಗೆ ಕೆಂಪು ಬಣ್ಣ ಬಳಿದು, ಒಣಗಿಸಿ, ಮತ್ತೆ ಬಳಿದು ಜೋಡಿಸಿದ್ದ. ದೀಪ ಉರಿಯುತ್ತಿತ್ತು. ಗುಂಡಿ ಒತ್ತಿದರೆ ಮಾತ್ರ ಟಕ್ ಎಂದು ಸುಮ್ಮನಾಗುತ್ತಿತ್ತು.

"ಬ್ಯಾಟರಿ ಸತ್ತಿದೆ ಕಣೋ," ಎಂದ ಪ್ರಿಮೊ.

ಓಲಿಂಟೊ ಹೊಸದು ಹಾಕಿದ. ಟಕ್.

"ಹಾಗಾದ್ರೆ ಸ್ವಿಚ್ಚು."

"ಸ್ವಿಚ್ಚು ಕೆಟ್ಟಿದ್ರೆ ಟಕ್ ಅಂತಾನೂ ಅನ್ನಲ್ವೋ ಮಾರಾಯ."

"ಥೇಟ್ ನಿನ್ನ ಹಾಗೇ. ಮಾತು ಒಂದು ಬರುತ್ತೆ, ಕೆಲಸ ಮುಂದಕ್ಕೆ ಹೋಗಲ್ಲ."

ಹಬ್ಬದ ಹಿಂದಿನ ದಿನ ಓಲಿಂಟೊ ಇಂಜಿನ್ನನ್ನು ತಿರುಗಿಸುವ ಸೆಲ್ಫ್ ಮೋಟರನ್ನೇ ಬಿಚ್ಚಿ ನೆಲದ ಮೇಲಿಟ್ಟು ಬ್ಯಾಟರಿಯ ತಂತಿಗಳನ್ನು ನೇರ ತಾಗಿಸಿದ. ಅದು ಗಿರ್ರೆಂದು ತಿರುಗಿ ಅವನ ಕಾಲ ಬಳಿಯಿಂದ ಜಿಗಿಯಿತು. ಸಲಾಮಿ ಕಟ್ಟುವ ದಾರ ಹುಡುಕಿಕೊಂಡು ಬಂದಿದ್ದ ಇರ್ಮಾ ನಿಂತು ನೋಡಿದಳು.

"ನೆಲದ ಮೇಲೆ ತಿರುಗುತ್ತೆ."

"ಹೂಂ."

"ಗಾಡಿಗೆ ಹಾಕಿದ್ರೆ ತಿರುಗಲ್ಲ."

"ಹೂಂ."

"ಮತ್ತೆ ನೀನು ಬಿಚ್ಚದೇ ಉಳಿಸಿರೋದು ಏನು?"

ದಾರ ಗೂಡಿನಲ್ಲಿದೆ ಎಂದ ಓಲಿಂಟೊ. ಇರ್ಮಾ ಗೂಡಿನ ಕಡೆ ನೋಡಲಿಲ್ಲ.

ಉಳಿದಿದ್ದು ಒಂದೇ ಬೋಲ್ಟು. ಬ್ಯಾಟರಿಯ ಅರ್ಥ್ ತಂತಿ ಚಾಸಿಗೆ ಕೂರುವ ಜಾಗ. ಕರೆಂಟು ಹಿಂದಿರುಗಬೇಕಾದ ದಾರಿಯೇ ಅದು. ಅಲ್ಲಿ ತಂತಿಗೂ ಕಬ್ಬಿಣಕ್ಕೂ ನಡುವೆ ಅವನೇ ಬಳಿದ ದಪ್ಪ ಬಣ್ಣ. ದೀಪಕ್ಕೆ ಸಾಲುವಷ್ಟು ನುಸುಳುತ್ತಿತ್ತು, ಮೋಟರಿಗೆ ಸಾಲದು. ಇದು ಅವನಿಗೆ ಮೊದಲ ಟಕ್ಕಿಗೇ ಗೊತ್ತಾಗಿತ್ತು. ಆದರೆ ಅಂಥ ಬಣ್ಣ ಆ ಊರಲ್ಲಿ ಇನ್ನೊಂದು ಗಾಡಿಗೆ ಇರಲಿಲ್ಲ.

"ಕೆರೆದ್ರೆ ತುಕ್ಕು ಹಿಡಿಯುತ್ತೆ," ಎಂದ.

ಇರ್ಮಾ ಒಳಗಿನಿಂದ ಚಾಕು ಮತ್ತು ಹೋದ ವರ್ಷದ ಹಂದಿಕೊಬ್ಬಿನ ಡಬ್ಬಿ ತಂದಳು. "ಕೆರಿ. ಆಮೇಲೆ ಇದನ್ನ ಸವರು."

ಓಲಿಂಟೊ ಬೋಲ್ಟು ಬಿಚ್ಚಿ, ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಕೆರೆದ. ನಾಣ್ಯದಗಲ ಕಬ್ಬಿಣ ಕಾಣಿಸಿತು. ತಂತಿ ಕೂರಿಸಿ ಬೋಲ್ಟು ಬಿಗಿದು, ಸುತ್ತ ಕೊಬ್ಬು ಮೆತ್ತಿ, ಮೋಟರನ್ನು ಜಾಗಕ್ಕೆ ಸೇರಿಸಿ ಗುಂಡಿ ಒತ್ತಿದ. ಇಂಜಿನ್ನು ಎರಡು ಸಲ ಕೆಮ್ಮಿ ಹತ್ತಿಕೊಂಡಿತು.

ಸದ್ದು ಕೇಳಿ ಬಂದ ಪ್ರಿಮೊ ಹಗ್ಗವನ್ನು ಮೊಣಕೈಗೆ ಸುತ್ತಿಕೊಂಡ. "ಬ್ಯಾಟರಿ ಅಂತ ನಾನು ಅವತ್ತೇ ಹೇಳಿದ್ದೆ," ಎಂದು ಹೊರಟ.

ಕೋಣೆ ತುಂಬ ಹೊಗೆ. ಇರ್ಮಾ ಬಾಗಿಲು ಪೂರ್ತಿ ತೆರೆದಳು.

"ಹತ್ತಿಕೊಂಡಿತು ತಾನೇ? ಹಾಗಾದ್ರೆ ಓಡಿಸ್ಕೊಂಡು ಕೊಟ್ಟಿಗೆಗೆ ಹೋಗು. ನನಗೆ ಸಲಾಮಿಗೆ ಜಾಗ ಬೇಕು."

ಓಲಿಂಟೊ ಅಂಗಳ ದಾಟಿ ಗಾಡಿಯನ್ನು ಹಸುಗಳ ಪಕ್ಕ ನಿಲ್ಲಿಸಿದ. ಹುಲ್ಲಿನ ಮೇಲಿಂದ ಇಳಿದ ಬೆಕ್ಕು ನೇರ ಬೋಲ್ಟಿನ ಬಳಿ ಬಂದು ಕೊಬ್ಬು ನೆಕ್ಕತೊಡಗಿತು. ಅವನು ಅದನ್ನು ಓಡಿಸಿ, ಕೊಬ್ಬಿನ ಡಬ್ಬಿ ತರಲು ಮನೆ ಕಡೆ ನಡೆದ.