ಟೆಸ್ಟ್ ಚಾನೆಲ್ಲಿನ ತಮ್ಮ

ಬಡಾವಣೆಗೆಲ್ಲ ಅವನು ಕೇಬಲ್ಲಣ್ಣ. ಟಿವಿಯಲ್ಲಿ ಚಿತ್ರ ಹೋಯಿತೆಂದು ಯಾರಾದರೂ ಫೋನಿನಲ್ಲಿ ಕೂಗಾಡಿದರೆ ಅವನದು ಒಂದೇ ಪ್ರಶ್ನೆ: ಟೆಸ್ಟ್ ಚಾನೆಲ್ ಹಾಕಿ, ನಾನು ಕಾಣ್ತಿದೀನಾ? ಕಂಡರೆ ಲೈನು ಸರಿಯಿದೆ, ದೋಷ ಅವರ ಟಿವಿಯದು. ಕಾಣದಿದ್ದರೆ ಕಂಬ ಹತ್ತುವವರನ್ನು ಕಳಿಸುವುದು. ಇದಕ್ಕೆಂದೇ ಅವನು ಕಂಟ್ರೋಲ್ ರೂಮಿನ ಗೋಡೆಗೆ ಹಳೆಯ ಕ್ಯಾಮೆರಾ ಒಂದನ್ನು ಬಡಿದು, ತಾನು ಕೂರುವ ಕುರ್ಚಿಯ ಕಡೆ ತಿರುಗಿಸಿ, ಆ ಚಿತ್ರವನ್ನು ಖಾಲಿ ಬಿದ್ದಿದ್ದ ಚಾನೆಲ್ಲಿಗೆ ಏರಿಸಿಬಿಟ್ಟಿದ್ದ. ಅವನು ತೂಕಡಿಸಿದ್ದು, ಆಕಳಿಸಿದ್ದು, ಯಾರೂ ಇಲ್ಲವೆಂದುಕೊಂಡು ಮೂಗಿಗೆ ಬೆರಳು ಹಾಕಿದ್ದು, ಎಲ್ಲವನ್ನೂ ಬಡಾವಣೆ ನೋಡಿ ನಕ್ಕಿದೆ. ಬೇರೆ ಚಾನೆಲ್ಲುಗಳಿಗಿಂತ ಇದೇ ವಾಸಿ, ಜಾಹೀರಾತಿನ ಕಾಟವಿಲ್ಲ ಎಂದು ಅಂಗಡಿಯವನು ಛೇಡಿಸುತ್ತಿದ್ದ.

ಆ ಚಾನೆಲ್ಲನ್ನು ನಗದೆ ನೋಡುತ್ತಿದ್ದವಳು ಒಬ್ಬಳೇ, ಅವನ ಅಕ್ಕ. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಈಗ ಅವನ ಮನೆಯಲ್ಲೇ ಇದ್ದಳು, ಆದರೆ ಅದು ತಮ್ಮನ ಮನೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ನೆನಪು ಒಂದೊಂದಾಗಿ ಕಳಚಿಕೊಂಡು, ಕಡೆಗೆ ಎದುರಿಗೆ ನಿಂತ ತಮ್ಮನನ್ನೇ ಯಾರು ಬೇಕಿತ್ತು ಎಂದು ಕೇಳುವಂತಾಗಿತ್ತು. ಟಿವಿಯಲ್ಲಿ ಕಂಡರೆ ಮಾತ್ರ ಗುರುತು ಹತ್ತುತ್ತಿತ್ತು. ಹಳೆಯ ಕ್ಯಾಮೆರಾದ ಮಸುಕಿನಲ್ಲಿ ಅವನ ನರೆತ ಕೂದಲು, ಜೋತ ಕೆನ್ನೆ ಕಾಣುತ್ತಿರಲಿಲ್ಲ. ಅವಳ ತಲೆಯಲ್ಲಿ ಉಳಿದಿದ್ದ ಹುಡುಗನಿಗೆ ಆ ಮಸುಕು ಮುಖವೇ ಹತ್ತಿರವಿತ್ತೋ ಏನೋ.

ಮಧ್ಯಾಹ್ನ ಅವನ ಹೆಂಡತಿ ತಟ್ಟೆ ಹಿಡಿದು ಅಕ್ಕನ ಪಕ್ಕ ಕೂತು ಕಂಟ್ರೋಲ್ ರೂಮಿಗೆ ಫೋನ್ ಮಾಡುವಳು. ಅವನು ಕ್ಯಾಮೆರಾದ ಎದುರಿಗೆ ಬುತ್ತಿ ಬಿಚ್ಚುವನು. ಅವನು ಒಂದು ತುತ್ತು ಎತ್ತಿದರೆ ಅಕ್ಕನ ಬಾಯಿ ತೆರೆಯುತ್ತಿತ್ತು. "ನಿಧಾನಕ್ಕೆ ತಿನ್ನೋ ಪುಟ್ಟ" ಎಂದು ಅವಳು ಟಿವಿಗೆ ಹೇಳುವಳು. ಫೋನಿನಲ್ಲಿ ಅದು ಕೇಳಿಸಿ, ಅವನು ಕ್ಯಾಮೆರಾ ನೋಡಿ ತಲೆಯಾಡಿಸುವನು. ಆ ಒಂದು ತಲೆಯಾಟವಿಲ್ಲದೆ ಅಕ್ಕನ ಗಂಟಲಲ್ಲಿ ಏನೂ ಇಳಿಯುತ್ತಿರಲಿಲ್ಲ. ಅವನು ಜ್ವರ ಬಂದು ಮನೆಯಲ್ಲಿ ಮಲಗಿದ ದಿನಗಳಲ್ಲಿ ಅವಳು ಹಸಿದೇ ಇದ್ದಳು, ಅದೂ ಅವನ ಕಣ್ಣೆದುರಿಗೆ.

ಅಷ್ಟರಲ್ಲಿ ದೊಡ್ಡ ಕಂಪನಿಯೊಂದು ಈ ಸಣ್ಣ ಕೇಬಲ್ಲನ್ನು ಕೊಂಡುಕೊಂಡಿತು. ದೊಡ್ಡದು ಸಣ್ಣದನ್ನು ನುಂಗಿದರೆ ಅದಕ್ಕೆ ಅಭಿವೃದ್ಧಿ ಎನ್ನುತ್ತಾರೆ. ನುಂಗಿಸಿಕೊಂಡವನೂ ಹಾಗೇ ಎನ್ನಬೇಕು, ಕೆಲಸ ಉಳಿಯಬೇಕಲ್ಲ! ಹೊಸ ವ್ಯವಸ್ಥೆ ಮಾಡಲು ಬಂದ ಇಂಜಿನಿಯರ್ ಹುಡುಗಿ ಎಲ್ಲವನ್ನೂ ತಾಳ್ಮೆಯಿಂದ ವಿವರಿಸಿದಳು. ಇನ್ನು ಮೇಲೆ ಚಾನೆಲ್ಲುಗಳೆಲ್ಲ ದೂರದ ಕೇಂದ್ರದಿಂದ ಕೂದಲೆಳೆಯಂಥ ಫೈಬರಿನೊಳಗೆ ಬೆಳಕಾಗಿ ಬರುತ್ತವೆ. ಒಂದೊಂದು ಚಾನೆಲ್ಲಿಗೆ ಒಂದೊಂದು ಪೆಟ್ಟಿಗೆ ಜೋಡಿಸಿದ ಈ ರ‍್ಯಾಕುಗಳು ಬೇಡ, ಚಾವಣಿಯ ಡಿಶ್ಶುಗಳೂ ಬೇಡ. ಗೋಡೆಗೆ ಒಂದು ಸಣ್ಣ ಡಬ್ಬಿ ಸಾಕು. ಡಬ್ಬಿಯನ್ನು ಯಾರೂ ಕಾಯಬೇಕಿಲ್ಲ, ಹಾಗಾಗಿ ಕೇಬಲ್ಲಣ್ಣನಿಗೆ ಇನ್ನು ಬೀದಿ ಸುತ್ತಿ ಲೈನು ನೋಡುವ ಕೆಲಸ.

ಅವನು ಸಂಕೋಚ ಬಿಟ್ಟು ಅಕ್ಕನ ವಿಷಯ ಹೇಳಿದ. ಒಂದೇ ಒಂದು ಚಾನೆಲ್ ಉಳಿಸಿಕೊಡಿ, ಊಟದ ಹೊತ್ತಿಗೆ ಎಲ್ಲಿದ್ದರೂ ಬಂದು ಕೂತು ಹೋಗುತ್ತೇನೆ ಎಂದ. ಹುಡುಗಿ ನಗಲಿಲ್ಲ. ಅವನೆದುರಿಗೇ ಮೇಲಿನವರಿಗೆ ಫೋನ್ ಮಾಡಿದಳು, ಅವರು ಇನ್ನೂ ಮೇಲಿನವರಿಗೆ ಮಾಡಿದರು. ಮಾರನೆಯ ದಿನ ಅವಳೇ ಬಂದು ಹೇಳಿದಳು.

"ಅಣ್ಣ, ಇಲ್ಲಿಂದ ಒಳಗೆ ಏನನ್ನೂ ಸೇರಿಸೋ ದಾರೀನೇ ಇಲ್ಲ. ಎಲ್ಲಾ ಅಲ್ಲಿಂದಲೇ ಕಟ್ಟಿ ಕಳಿಸ್ತಾರೆ. ಅಲ್ಲಿಯವರು ತಮ್ಮ ಕೈಲೂ ಇಲ್ಲ ಅಂತಾರೆ."

"ಮತ್ತೆ ಯಾರ ಕೈಲಿದೆಯಮ್ಮ?"

ಅವಳು ಒರಟಾಗಿ ಮಾತಾಡಿದ್ದರೆ ಜಗಳವಾದರೂ ಆಡಬಹುದಿತ್ತು. ಪಾಪ, ಅವಳ ಕಣ್ಣಲ್ಲೂ ನೀರಿತ್ತು. ಅಂಥವಳ ಮೇಲೆ ರೇಗುವುದು ಹೇಗೆ? ವಿಡಿಯೋ ಕಾಲ್ ಮಾಡಿ ನೋಡಿ ಎಂದಳು. ಅದನ್ನೂ ಮಾಡಿ ನೋಡಿಯಾಗಿತ್ತು; ಮನೆಯ ಹಳೆ ಟಿವಿಯಲ್ಲಿ ಅದು ಬರುವಂತಿರಲಿಲ್ಲ. ಅಕ್ಕ ಮೊಬೈಲನ್ನು ತಿರುಗಿಸಿ ಅದರ ಬೆನ್ನು ನೋಡಿ ವಾಪಸ್ಸು ಕೊಟ್ಟಿದ್ದಳು.

ಆಗ ಅವನಿಗೊಂದು ಉಪಾಯ ಹೊಳೆಯಿತು. ಜೀವಮಾನವಿಡೀ ಅವನು ನಂಬಿದ್ದು ಒಂದೇ ಮಾತು, ಚಿತ್ರ ಬಂದರೆ ಎಲ್ಲಾ ಸರಿ. ಅದೇ ಕ್ಯಾಮೆರಾದ ಮುಂದೆ ಕೂತು, ಉಂಡು, ಆಗಾಗ ತಲೆಯಾಡಿಸಿ, ಎಲ್ಲವನ್ನೂ ರೆಕಾರ್ಡ್ ಮಾಡಿ ಪೆನ್ ಡ್ರೈವಿಗೆ ಹಾಕಿಕೊಂಡ. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಲೈನು ಬದಲಿಸುವ ದಿನ ಅಕ್ಕನ ಊಟ ಮುಗಿಯುವವರೆಗೆ ಇಂಜಿನಿಯರ್ ಹುಡುಗಿ ಹೊರಗೇ ನಿಂತು ಕಾದಳು. ಆಮೇಲೆ ಅವನು ಕಂಪನಿಗೆ ಒಪ್ಪಿಸಬೇಕಿದ್ದ ಕ್ಯಾಮೆರಾ, ಪೆಟ್ಟಿಗೆಗಳನ್ನು ಒಂದೊಂದಾಗಿ ಬಿಚ್ಚಿದ. ಟೆಸ್ಟ್ ಚಾನೆಲ್ಲಿನ ಪೆಟ್ಟಿಗೆ ಬಿಚ್ಚುವಾಗ ಅದಿನ್ನೂ ಬೆಚ್ಚಗಿತ್ತು.

ಮಾರನೆಯ ಮಧ್ಯಾಹ್ನ ಅವನು ಬೀದಿಯ ಕೆಲಸ ಬಿಟ್ಟು ಮನೆಗೆ ಓಡಿಬಂದು ಪೆನ್ ಡ್ರೈವನ್ನು ಟಿವಿಗೆ ಸಿಕ್ಕಿಸಿದ. ಪರದೆಯ ಮೇಲೆ ತಮ್ಮ ಬಂದ. ಅಕ್ಕನ ಮುಖ ಅರಳಿತು, ಎರಡು ತುತ್ತು ಒಳಗೆ ಹೋಯಿತು. ಬಾಗಿಲ ಹತ್ತಿರ ನಿಂತ ಕೇಬಲ್ಲಣ್ಣ ಹೆಂಡತಿಯ ಮುಖ ನೋಡಿದ. ಗೆದ್ದೆವು ಎಂದುಕೊಂಡರು ಇಬ್ಬರೂ.

"ನಿಧಾನಕ್ಕೆ ತಿನ್ನೋ ಪುಟ್ಟ" ಎಂದಳು ಅಕ್ಕ.

ಪರದೆಯ ಮೇಲಿನವನು ಗಬಗಬನೆ ತಿನ್ನುತ್ತಲೇ ಇದ್ದ. ಅವಳು ಮತ್ತೆ ಹೇಳಿದಳು. ಅವನು ನೀರು ಕುಡಿದು ಅತ್ತ ತಿರುಗಿದ. ಅವಳು ಸುಮ್ಮನಾದ ಮೇಲೆ ತಲೆಯಾಡಿಸಿದ, ಏನೂ ಕೇಳದವಳಿಗೆ ಹೂಂ ಎನ್ನುವಂತೆ. ಬಾಗಿಲಲ್ಲಿದ್ದ ಕೇಬಲ್ಲಣ್ಣ ತಡೆಯಲಾರದೆ ಆಯ್ತಕ್ಕ ಎಂದುಬಿಟ್ಟ. ಅವಳು ತಿರುಗಿ, ನಡುವೆ ಬಾಯಿ ಹಾಕುವ ಇವನಾರು ಎಂಬಂತೆ ನೋಡಿದಳು. ಮತ್ತೆ ಟಿವಿಯತ್ತ ತಿರುಗಿದಳು.

"ನನ್ನ ಮೇಲೆ ಕೋಪ ಅವನಿಗೆ. ಮಾತಾಡ್ಸಿದ್ರೂ ಮಾತಾಡಲ್ಲ. ನಾನೇನು ಮಾಡಿದೆ?"

ಅವಳು ಮಕ್ಕಳಂತೆ ಬಿಕ್ಕಿ ಬಿಕ್ಕಿ ಅತ್ತಳು. ಹೆಂಡತಿ ಟಿವಿ ಆರಿಸಿದಳು. ಕೇಬಲ್ಲಣ್ಣ ತಟ್ಟೆ ತೆಗೆದುಕೊಂಡು ಅಕ್ಕನ ಎದುರಿಗೆ ನೆಲದ ಮೇಲೆ ಕೂತ. ನಾನೇ ಅಕ್ಕ, ನಿನ್ನ ಪುಟ್ಟ, ಕೋಪ ಇಲ್ಲ ಕಣೆ ಎಂದು ತುತ್ತು ಎತ್ತಿ ಹಿಡಿದ. ಅವಳು ಕಣ್ಣೊರೆಸಿಕೊಂಡು, ಮನೆಗೆ ಬಂದವರೆದುರು ಅತ್ತೆನಲ್ಲ ಎಂದು ನಾಚಿಕೊಂಡು, ಅವನ ಕೈಯನ್ನು ಮೆಲ್ಲಗೆ ಅವನ ಕಡೆಗೇ ತಳ್ಳಿದಳು.

"ನೀವು ಊಟ ಮಾಡಿ. ಅವನ ಕೋಪ ಇಳೀಲಿ, ಆಮೇಲೆ ನಾನು ಮಾಡ್ತೀನಿ."

ಅವನು ಬೇಡವೆಂದರೂ ಅವಳು ಕೇಳಲಿಲ್ಲ. ಆ ತುತ್ತನ್ನು ಅವನೇ ಬಾಯಿಗಿಟ್ಟುಕೊಂಡ. ಅಕ್ಕ ಅವನು ತಿನ್ನುವುದನ್ನೇ ನೋಡುತ್ತ ಕೂತಿದ್ದು, ಕೇಳಿದಳು:

"ನಿಮಗೆ ಅಕ್ಕ ಇದ್ದಾಳಾ?"

"ಇದ್ದಾಳೆ."

"ಹಾಗಾದ್ರೆ ಇಲ್ಲೇ ಕೂತಿರಬೇಡಿ. ಬೇಗ ಮನೆಗೆ ಹೋಗಿ. ಉಣ್ಣದೆ ಕಾಯ್ತಾ ಇರ್ತಾಳೆ."

ಕೇಬಲ್ಲಣ್ಣ ತಟ್ಟೆ ಹಿಡಿದು ಎದ್ದು ನಿಂತ. ಎಲ್ಲಿಗೆ ಹೋಗಬೇಕೋ ಅವನಿಗೆ ತಿಳಿಯಲಿಲ್ಲ.