ಅವಳ ಪಾಲಿನ ಎಳನೀರು

"ಎಡಗೈ ಎಳೀಬ್ಯಾಡಿ!" ಎಂದು ಪುಟ್ಟತಾಯಮ್ಮ ಕೂಗಿಯೇಬಿಟ್ಟಳು.

ಅಂಗಳದ ಚಪ್ಪಡಿಯ ಮೇಲೆ ಗಂಡ ದೇವರಾಜುವಿನ ಮೈಗೆ ಕಡೆಯ ಸ್ನಾನದ ಬಿಸಿನೀರು ಹುಯ್ಯುತ್ತಿದ್ದವರು ಚೊಂಬು ಹಿಡಿದೇ ನಿಂತರು. ಆ ಕೈಯಲ್ಲಿ ಡಯಾಲಿಸಿಸ್ ಸೂಜಿ ಚುಚ್ಚಲೆಂದು ಡಾಕ್ಟರು ರಕ್ತನಾಳ ಕೂಡಿಸಿದ್ದರು. ಅದಕ್ಕೆ ಭಾರ ಬೀಳಬಾರದು, ಯಾರೂ ಜಗ್ಗಬಾರದು. ನಾಲ್ಕು ವರ್ಷದಿಂದ ಆ ಕೈಯನ್ನು ಹಸುಗೂಸಿನಂತೆ ಕಾದವಳು ಅವಳು. ಬೆಳಿಗ್ಗೆ ಎದ್ದೊಡನೆ ಬೆರಳಿಟ್ಟು ನೋಡಿದರೆ ಒಳಗೆ ಜುಮುಜುಮು ಎನ್ನುತ್ತಿತ್ತು. "ಜೇನು ಕೂತದೆ ಕಣೆ, ಉಷಾರು, ಕಚ್ಚೀತು" ಎಂದು ಗಂಡ ನಗಿಸುತ್ತಿದ್ದ.

ಈ ಬೆಳಿಗ್ಗೆ ಬೆರಳಿಟ್ಟಾಗ ಜೇನು ಎದ್ದುಹೋಗಿತ್ತು. ಅವಳಿಗೆ ಅಳುವೇ ಬರಲಿಲ್ಲ. ಗರ ಬಡಿದವಳಂತೆ ಕೂತುಬಿಟ್ಟಿದ್ದಳು.

"ಇನ್ನೇನಾದದು, ಬುಡು ತಾಯವ್ವ" ಎಂದು ಪಕ್ಕದ ಮನೆಯ ಚಿಕ್ಕಬೀರಮ್ಮ ಅವಳ ಭುಜ ಹಿಡಿದಳು. "ನೆನ್ನೆ ಸಂಜೇಲಿ ನನ್ನ ಮಾತಾಡ್ಸವನೆ ಕಣೆ! 'ನಾಳೆ ಆಸ್ಪತ್ರೇಲಿ ನನ್ಗೆ ಸರ್ವೀಸು, ಆಯಿಲ್ ಚೇಂಜು' ಅಂತ ನಕ್ಕವನೆ. ಅಂಗೆ ನಕ್ಕೋನು ಇಂಗೆ ಮಲಗ್ಬುಡಾದಾ!"

ಮಗಳು ರಮ್ಯ ಫೋನು ಹಿಡಿದು ಒಳಗಿನಿಂದ ಬಂದಳು. ಸುದ್ದಿ ಕೇಳಿ ಹುಣಸೂರಿನ ಗಂಡನ ಮನೆಯಿಂದ ಉಟ್ಟಬಟ್ಟೆಯಲ್ಲೇ ಓಡಿಬಂದವಳು.

"ಅವ್ವಾ, ಡಯಾಲಿಸಿಸ್ ಸಿಸ್ಟರ್‌ಗೆ ನಂಬಕ್ಕೇ ಆಗ್ತಿಲ್ಲ. ಹೋದ ಸಲ ಎಲ್ಲಾ ಚೆನ್ನಾಗೇ ಇತ್ತಂತೆ. ನೆನ್ನೆ ಅಪ್ಪ ಏನಾದ್ರೂ ತಿಂದಿದ್ರಾ ಅಂತ ಕೇಳ್ತಾವ್ರೆ. ಯಾರಾದ್ರೂ ಏನಾರ ಕೊಟ್ರಾ?"

"ಯಾರು ಕೊಟ್ಟಾರು? ತರಕಾರಿನೂ ಬೇಯ್ಸಿ, ನೀರು ಬಸ್ದು, ನನ್ನ ಕೈಯಾರೆ ಇಕ್ಕಿವ್ನಿ."

"ಕೊಟ್ಟೋರು ಯಾರೂಂತ ಗೊತ್ತಾಗ್ಲಿ. ಊರ ಮುಂದೆ ನಿಲ್ಸಿ ಕೇಳ್ತೀನಿ" ಎಂದಳು ರಮ್ಯ. ಅಪ್ಪನ ಮಗಳೇ. ಆಡಿದ್ದು ಮಾಡುವವಳು.

*

ಮೊದಮೊದಲು ಪುಟ್ಟತಾಯಮ್ಮನೇ ಅತ್ತಿದ್ದಳು, ದೇವರಾಜು ಅಳಲಿಲ್ಲ. ವಾರಕ್ಕೆರಡು ಸಲ ಮಿರ್ಲೆಯಿಂದ ಬಸ್ಸು ಹತ್ತಿ ಕೆ.ಆರ್. ನಗರದ ಆಸ್ಪತ್ರೆಗೆ ಹೋಗುವಾಗ ಮದುವೆಗೆ ಹೊರಟವನಂತೆ ಇಸ್ತ್ರಿ ಅಂಗಿ ತೊಡುತ್ತಿದ್ದ. ಹೊಸದಾಗಿ ಬಂದು ಬಿಕ್ಕುತ್ತಿದ್ದವರಿಗೆ, "ಮಿಷನ್ನು ಮಾವನ ಮನೆ ಇದ್ದಂಗೆ ಕಣ್ರೀ. ಓಗಿ ಕಾಲು ಚಾಚಿ ಮಲಗೋದು, ಎದ್ದು ಬರೋದು. ಎಳನೀರು, ಬಾಳೆಹಣ್ಣು ಮಾತ್ರ ಮುಟ್ಬ್ಯಾಡಿ. ಎಲ್ಲಾರ್ಗೂ ಅಮೃತ, ನಮಗೆ ಇಸ. ಎದೆನೇ ನಿಲ್ಲಿಸ್ಬುಡ್ತದೆ" ಎಂದು ಬುದ್ಧಿ ಹೇಳುತ್ತಿದ್ದ.

ಹೇಳುವುದೇನೋ ಹೇಳುತ್ತಿದ್ದ. ಆದರೆ ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಎನ್ನಲು ಆ ಪುಣ್ಯಾತ್ಮನಿಗೆ ಬಾಯೇ ಬರುತ್ತಿರಲಿಲ್ಲ. ಕಾಯಿಲೆಯವರನ್ನು ನೋಡಲು ಬರಿಗೈಲಿ ಬರುವವರುಂಟೆ? ನೆಂಟರೆಲ್ಲ ಎಳನೀರೇ ತರುತ್ತಿದ್ದರು. ಎದುರಿಗೇ ಕೆತ್ತಿ ಕೈಗಿಡುತ್ತಿದ್ದರು. ದೇವರಾಜು ನಗುತ್ತ ಇಸಿದುಕೊಂಡು, ತುಟಿಗೆ ತಾಗಿಸಿದಂತೆ ಮಾಡಿ, ಎಡಕ್ಕೆ ದಾಟಿಸಿಬಿಡುತ್ತಿದ್ದ. ಎಡಕ್ಕೆ ಪುಟ್ಟತಾಯಮ್ಮ ಕೂತಿರುತ್ತಿದ್ದಳು. ಒಂದೇ ಉಸಿರಿಗೆ ಕುಡಿದು ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುತ್ತಿದ್ದಳು.

"ನಿನ್ನ ಪಾಲಿಂದು ಕುಡ್ದೂ ಕುಡ್ದೂ ನಾನು ಬಾತ್ಕೊಂಡೆ. ಬ್ಯಾಡ ಅಂದ್ರೆ ನಿನ್ನ ಗಂಟೇನು ಓಯ್ತದೆ?" ಎಂದು ರೇಗುತ್ತಿದ್ದಳು.

"ಕೊಟ್ಟೋರ ಕೈ ಹಿಂದಕ್ಕೆ ಓಗ್ಬಾರ್ದು ಕಣೆ. ಅದ್ಕೇ ಅಲ್ವಾ ನಿನ್ನ ಪಕ್ಕದಲ್ಲೇ ಕೂರಿಸ್ಕೊಳಾದು?"

*

ಮಂಟಯ್ಯ ಬಂದಾಗ ಹೆಣಕ್ಕೆ ಹೊಸ ಪಂಚೆ ಉಡಿಸಿ ಚಟ್ಟದ ಮೇಲೆ ಮಲಗಿಸಿದ್ದರು. ದೇವರಾಜುವಿನ ಬಾಲ್ಯದ ಗೆಳೆಯ. ಈಚೆಗೆ ಕಟ್ಟೆಮಳಲವಾಡಿಯ ಮಗನ ಮನೆ ಸೇರಿದ್ದವನು, ನಿನ್ನೆ ತಾನೇ ಊರಿಗೆ ಬಂದು ತಂಗಿಯ ಮನೆಯಲ್ಲಿ ಉಳಿದಿದ್ದ. ಎದೆ ಎದೆ ಬಡಿದುಕೊಂಡು ಅತ್ತು, ಪುಟ್ಟತಾಯಮ್ಮನ ಪಕ್ಕ ಕುಕ್ಕರಿಸಿದ.

"ಒಂದು ಸಮಾಧಾನ ಕಣ್ ತಂಗ್ಯವ್ವ" ಎಂದು ಮೂಗು ಸೀಟಿಕೊಂಡ. "ನೆನ್ನೆ ನೀನು ಡೈರಿಗೆ ಹಾಲು ಹಾಕಾಕೆ ಓಗಿದ್ಯಲ್ಲ, ಆಗ ಇಬ್ರೂ ತೋಟದಲ್ಲಿ ಕೂತಿದ್ವಿ. ತುಟಿ ಒಣಗೋಗಿತ್ತು ಅವನ್ಗೆ, ನೋಡಾಕಾಗ್ಲಿಲ್ಲ. ದೋಟೀಲಿ ಎರಡು ಎಳನೀರು ಕಿತ್ತು ಕೆತ್ತಿಕೊಟ್ಟೆ. ನನ್ನ ಕಿಡ್ನಿ ಕಲ್ಲು ಕರಗಿದ್ದೇ ಇದ್ರಲ್ಲಿ, ಕುಡಿ ಕಣ್ಲಾ ಅಂದೆ. ಇಸ್ಕೊಂಡು ಎಡಗಡೀಕೆ ಒಂದ್ಸಲ ತಿರುಗಿ ನೋಡ್ದ. ಅಲ್ಯಾರವ್ರೆ? ಆಮೇಲೆ ಎರಡನ್ನೂ ಕುಡ್ದ. ಬಾಳ ತಂಪಾಯ್ತು ಮಂಟ ಅಂದ. ಅವನ ಕಡೇ ಬಾಯಾರಿಕೆ ನನ್ನ ಕೈಲಿ ತೀರ್ತು."

ಕೊಂದುಬಿಟ್ಯಲ್ಲೋ ನನ್ನ ಗಂಡನ್ನ, ಎಂಬ ಮಾತು ಪುಟ್ಟತಾಯಮ್ಮನ ಗಂಟಲಿಗೇ ಬಂತು. ಅವನ ಜುಟ್ಟು ಹಿಡಿದು ಅಂಗಳದಲ್ಲಿ ಎಳೆದಾಡಬೇಕೆನಿಸಿತು. ಮುಖ ನೋಡಿದಳು. ಅತ್ತು ಅತ್ತು ಕಣ್ಣು ಬಾತಿದ್ದವು. ಸತ್ಯ ತಿಳಿದರೆ ಈ ಮನುಷ್ಯ ಇವತ್ತು ಸಂಜೆಯೊಳಗೆ ಅದೇ ತೋಟದ ಬಾವಿಗೆ ಬೀಳುತ್ತಾನೆ, ಸುಳ್ಳಲ್ಲ.

"ಏನವ್ವಾ? ಮಾವ ಏನಂದ್ರು?" ಎಂದು ರಮ್ಯ ಹತ್ತಿರ ಬಂದಳು.

"ಏನಿಲ್ಲ ಕಣವ್ವ. ಹಳೇದೆಲ್ಲ ನೆನೆಸ್ಕೊತಾವ್ನೆ."

ಆಚೆಯಿಂದ ಯಾರೋ ಕೂಗಿದರು. "ಒತ್ತಾಯ್ತು, ಬಾಯಿಗೆ ನೀರು ಬುಡ್ರಪ್ಪ."

ಒಬ್ಬೊಬ್ಬರಾಗಿ ತುಳಸಿ ದಳದಿಂದ ನೀರು ಬಿಟ್ಟರು. ಮಂಟಯ್ಯ ಎದ್ದುಹೋದವನು ಕೆತ್ತಿದ ಎಳನೀರು ಹಿಡಿದು ಬಂದ. "ನೀರ್ಯಾಕೆ? ನನ್ನ ಗೆಣೆಕಾರಂಗೆ ಇದ್ನೇ ಬುಡ್ತೀನಿ."

ರಮ್ಯ ಬೆಚ್ಚಿದಳು. "ಅಯ್ಯೋ ಮಾವ, ಎಳನೀರಾ? ಅಪ್ಪಂಗೆ ಅದು..."

"ಸುಮ್ಕಿರು!" ಪುಟ್ಟತಾಯಮ್ಮ ಮಗಳ ಮುಂಗೈ ಹಿಡಿದಳು. ಆ ಹಿಡಿತಕ್ಕೆ ಬಳೆ ಒಡೆಯಿತು. "ಬುಡ್ಲಿ. ನಿಮ್ಮಪ್ಪಂಗೆ ಎಳನೀರು ಅಂದ್ರೆ ಪ್ರಾಣ."

ರಮ್ಯ ತಾಯಿಯ ಮುಖ ನೋಡಿದಳು. ಬಳೆಯ ಚೂರು ಆಯ್ದುಕೊಂಡು ಮಂಟಯ್ಯನಿಗೆ ದಾರಿ ಬಿಟ್ಟಳು.

ಮಂಟಯ್ಯ ನಾಲ್ಕು ಹನಿ ಬಿಟ್ಟ. ಅದು ತುಟಿಯ ಅಂಚಿನಿಂದ ಕೆನ್ನೆಗೆ ಹರಿಯಿತು. ಉಳಿದದ್ದನ್ನು ಏನು ಮಾಡುವುದೆಂದು ತಿಳಿಯದೆ ಹಿಡಿದು ನಿಂತ.

ಪುಟ್ಟತಾಯಮ್ಮ ಚಟ್ಟದ ಎಡಕ್ಕೆ ಬಂದು ಕೂತು ಕೈ ಚಾಚಿದಳು. ಇಸಿದುಕೊಂಡು, ಊರೆಲ್ಲ ನೋಡುತ್ತಿರುವಾಗ, ಒಂದೇ ಉಸಿರಿಗೆ ಕುಡಿದಳು. ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಬುರುಡೆಯನ್ನು ಗಂಡನ ಎಡಗೈಗೆ ತಾಗದಂತೆ ಆಚೆಗಿಟ್ಟಳು.